ತಾಳಮದ್ದಳೆಯ ಧ್ವನಿಗೆ ಮುಕ್ತ ಕೊಡೆಕ್ ಬೇಕು

ಮಾನ್ಯ ಸಂಪಾದಕರೆ,

ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಕ್ಯಾಸೆಟ್‌ಗಳಲ್ಲಿ ಉಳಿದಿರುವ ಹಳೆಯ ತಾಳಮದ್ದಳೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿರುವವರು ಅವನ್ನು ಎಂಪಿ3 ರೂಪದಲ್ಲಷ್ಟೇ ಉಳಿಸಿ, ಮೂಲ ಕ್ಯಾಸೆಟ್ಟನ್ನು ಎಸೆದುಬಿಡುವುದನ್ನು ಕಂಡು ಮನಸ್ಸಿಗೆ ನೋವಾಗಿದೆ. ಕಡತವನ್ನು ಕಿರಿದಾಗಿಸಲು ಎಂಪಿ3 ಧ್ವನಿಯ ಕೆಲವು ಅಂಶಗಳನ್ನು ಶಾಶ್ವತವಾಗಿ ಕೈಬಿಡುತ್ತದೆ. ಬಿಗಿಯಾಗಿ ಕುಗ್ಗಿಸಿದಾಗ ಚೆಂಡೆಯ ಪೆಟ್ಟಿನ ಮೊನಚು ಮಸುಕಾಗುವುದು ಇದರಿಂದಲೇ. 2001ರಲ್ಲಿ ಬಂದ ಮುಕ್ತ ಆಕರದ (ಒಳಸಂಕೇತ ಎಲ್ಲರಿಗೂ ತೆರೆದಿರುವ) ಫ್ಲಾಕ್ ಎಂಬ ಕೊಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಚ್ಚುವ ತಂತ್ರಾಂಶ, ಏನನ್ನೂ ಕಳೆಯದೆ ಕಡತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮೊಬೈಲಿನಲ್ಲಿ ಹಂಚಲು 2012ರಲ್ಲಿ ಮಾನಕವಾದ ಓಪಸ್ ಎಂಬ ಇನ್ನೊಂದು ಮುಕ್ತ ಕೊಡೆಕ್ ಸಾಕು. ಇವುಗಳ ಒಳರಚನೆಯ ವಿವರ ಎಲ್ಲರಿಗೂ ಲಭ್ಯವಿರುವುದರಿಂದ, ಯಾವ ಕಂಪನಿ ಮುಚ್ಚಿದರೂ ಕಡತ ತೆರೆಯುವ ದಾರಿ ಮುಚ್ಚುವುದಿಲ್ಲ. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಹೇಗೂ ಮುಕ್ತ ಆಕರದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಇದೆ; ಈ ಕೊಡೆಕ್‌ಗಳು ಅದರಲ್ಲಿ ನಡೆಯುತ್ತವೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ರಜೆಯಲ್ಲಿ ಒಂದು ದಿನ ಈ ಕೆಲಸವನ್ನು ಊರವರಿಗೆ ಕಲಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಕಾಸರಗೋಡು