ಹೋಮ್‌ವರ್ಕ್ ಮತ್ತೆ ಡೈರಿಗೆ ಬರಲಿ

ಮಾನ್ಯ ಸಂಪಾದಕರೇ,

ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ಬರುವ ಪತ್ರಗಳನ್ನು ಓದುತ್ತಿರುತ್ತೇನೆ. ಬೈಗುಳವೆಲ್ಲ ಮಕ್ಕಳಿಗೆ, ಇಲ್ಲವೇ ಅಮ್ಮಂದಿರಿಗೆ. ಶಾಲೆಗಳ ಪಾಲಿನ ಮಾತು ಬರುವುದೇ ಇಲ್ಲ. ದಾವಣಗೆರೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ನನಗೆ ಅದು ದಿನಾ ಕಾಣುತ್ತದೆ.

ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳ ಚೀಟಿಯಲ್ಲಿ ಮೈನಸ್ ಪವರ್, ಅಂದರೆ ದೂರದ್ದು ಮಸುಕಾಗಿ ಕಾಣುವವರ ನಂಬರು, ಈಗ ಮಾಮೂಲು. ಆರು ತಿಂಗಳಿಗೇ ಪವರ್ ಏರಿಸಿಕೊಂಡು ಬರುವವರೂ ಇದ್ದಾರೆ. ಮೊಬೈಲ್ ಕಮ್ಮಿ ಮಾಡಿ ಅಂದರೆ ಅಪ್ಪ ಅಮ್ಮ ಹೇಳುವುದು ಒಂದೇ: 'ಹೋಮ್‌ವರ್ಕ್ ಬರೋದೇ ವಾಟ್ಸ್‌ಆ್ಯಪ್‌ನಲ್ಲಿ, ಏನ್ ಮಾಡೋದು ಸಾರ್?' ಬೋರ್ಡಿನ ಫೋಟೊ, ನೋಟ್ಸಿನ ಪಿಡಿಎಫ್, ಪ್ರಾಜೆಕ್ಟ್‌ಗೆ ಯೂಟ್ಯೂಬ್ ಲಿಂಕ್. ಕೊರೊನಾದಲ್ಲಿ ಬೇರೆ ದಾರಿ ಇರಲಿಲ್ಲ, ಸರಿ. ಶಾಲೆ ತೆರೆದ ಮೇಲೂ ಯಾಕೆ? ಟೀಚರ್ ಅಕ್ಷರ ಕಾಣಲೆಂದು ಮಗು ಫೋನನ್ನು ಮೂಗಿನ ಹತ್ತಿರ ಹಿಡಿಯುತ್ತದೆ. ಬರೆದಾದ ಮೇಲೆ ಆ ಫೋನ್ ಸುಮ್ನೆ ವಾಪಸ್ ಬರುತ್ತದೆಯೇ? ರೀಲ್ಸ್ ಅಲ್ಲೇ ಇರುತ್ತವಲ್ಲ.

ಇಂಥ ಮನೆಗಳವರು ಕೇಳುವುದು ಬ್ಲೂ ಕಟ್ ಲೆನ್ಸ್, ಅಂದರೆ ಸ್ಕ್ರೀನಿನ ನೀಲಿ ಬೆಳಕನ್ನು ತಡೆಯುವ ಗಾಜು. ನನ್ನ ವ್ಯಾಪಾರಕ್ಕೇ ಪೆಟ್ಟು ಬಿದ್ದರೂ ಹೇಳುತ್ತೇನೆ: ಅದರಿಂದ ಪವರ್ ಏರುವುದು ನಿಲ್ಲುವುದಿಲ್ಲ. ಕಣ್ಣಿನ ಆಯಾಸಕ್ಕೂ ಅದು ಹೆಚ್ಚೇನೂ ಮಾಡುವಂತಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ ಹೇಳಿದೆ.

ತೊಂದರೆ ಇರುವುದು ಬೇರೆ ಕಡೆ. ಮಕ್ಕಳ ಕಣ್ಣುಗುಡ್ಡೆ ಇನ್ನೂ ಬೆಳೆಯುತ್ತಿರುತ್ತದೆ. ಅದು ಹಿಂದಕ್ಕೆ ತುಸು ಜಾಸ್ತಿ ಉದ್ದವಾದರೂ ದೂರದ್ದು ಮಸುಕು. ಉದ್ದವಾದದ್ದು ಮತ್ತೆ ಚಿಕ್ಕದಾಗುವುದಿಲ್ಲ, ಕನ್ನಡಕ ಹಾಕಿದರೆ ಕಾಣುತ್ತದೆ ಅಷ್ಟೆ. ಪವರ್ ಮೈನಸ್ ಆರು ದಾಟಿದವರಿಗೆ ಮುಂದೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕಳಚುವ ಅಪಾಯವೂ ಜಾಸ್ತಿ. ಹತ್ತಿರದ್ದನ್ನೇ ಹೊತ್ತುಗಟ್ಟಲೆ ನೋಡುವುದು ಇದಕ್ಕೆ ಒಂದು ಕಾರಣ. ಹಗಲು ಬೆಳಕಿಗೆ ಬೀಳದಿರುವುದು ಇನ್ನೊಂದು. ಹೊರಗಿನ ಬೆಳಕು ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ, ಗುಡ್ಡೆ ಉದ್ದವಾಗುವುದನ್ನು ನಿಧಾನಗೊಳಿಸುತ್ತದೆ ಎಂದು ತಜ್ಞರು ಹೇಳುತ್ತಾರೆ. ತರಗತಿಯೊಳಗೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ ಬಯಲಲ್ಲಿ 10,000ಕ್ಕೂ ಮೇಲೆ. ಬಿಸಿಲಲ್ಲಿ ಒಣಗಬೇಕಾಗಿಲ್ಲ, ಹೊಂಗೆ ಮರದ ನೆರಳಿನಲ್ಲಿ ಆಡಿದರೂ ನಡೆಯುತ್ತದೆ.

ತೈವಾನ್ ಇದನ್ನು ಮಾಡಿ ತೋರಿಸಿದೆ. 2010ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳು ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರು ಮಾಡಿದವು. ದೃಷ್ಟಿ ಕಡಿಮೆಯಿದ್ದ ಮಕ್ಕಳ ಪ್ರಮಾಣ ಅದುವರೆಗೆ ಏರುತ್ತಲೇ ಇತ್ತು, 2011ಕ್ಕೆ ಶೇ 50 ಮುಟ್ಟಿತ್ತು. ಆಮೇಲೆ ಇಳಿಯತೊಡಗಿ 2015ಕ್ಕೆ ಶೇ 46.1 ಆಯಿತು. ಇಳಿದದ್ದು ಸ್ವಲ್ಪವೇ. ಆದರೆ ಹತ್ತು ವರ್ಷದಿಂದ ಏರುತ್ತಿದ್ದದ್ದು ಇಳಿಯಿತು, ಅಲ್ವಾ?

ನಮ್ಮಲ್ಲಿ ಇರುವ ಪಿ.ಟಿ. ಪೀರಿಯಡ್ಡನ್ನೂ ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಕೆಲವು ಶಾಲೆಗಳಿಗೆ ಮೈದಾನವೇ ಇಲ್ಲ. ಅವಕ್ಕೆ ಅನುಮತಿ ಹೇಗೆ ಸಿಕ್ಕಿತು ಅನ್ನುವುದು ಬೇರೆಯೇ ಪತ್ರಕ್ಕಾಗುವ ವಿಷಯ.

ಡಿಡಿಪಿಐ ಮತ್ತು ಬಿಇಒ ಸಾಹೇಬರು ಒಂದು ಸುತ್ತೋಲೆ ಹೊರಡಿಸಲಿ. ಏಳನೇ ತರಗತಿವರೆಗೆ ಹೋಮ್‌ವರ್ಕ್ ಡೈರಿಯಲ್ಲೇ ಇರಬೇಕು. ರಜೆ, ಫೀಸು, ಪೋಷಕರ ಸಭೆಯ ಸುದ್ದಿಗೆ ಗ್ರೂಪ್ ಇಟ್ಟುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ. ಪಿ.ಟಿ. ಪೀರಿಯಡ್ಡನ್ನು ಬೇರೆ ಪಾಠಕ್ಕೆ ಬಳಸಿದರೆ ಶಾಲೆಯನ್ನು ಕೇಳಲಿ. ಇನ್ನು ಶಿಕ್ಷಕರಲ್ಲಿ ಒಂದು ವಿನಂತಿ: ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡುವ, ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುವ ಮಗುವನ್ನು ಕಾಪಿ ಹೊಡೀತಿದೆ ಅಂತ ಗದರಿಸಬೇಡಿ. ಮೊದಲು ಕಣ್ಣು ತೋರಿಸಲು ಮನೆಯವರಿಗೆ ಹೇಳಿ ಕಳಿಸಿ.

— ಕನ್ನಡಕದ ಅಂಗಡಿಯವ, ದಾವಣಗೆರೆ