ಗೆಳೆಯನಿಗೊಂದು ಪತ್ರ: ನಿನ್ನ ಹೊಲದ ರಾಗಿ ಎಷ್ಟೆತ್ತರ ಬೆಳೆಯಬೇಕು?

ಪ್ರೀತಿಯ ಗೆಳೆಯ,

ಎತ್ತುಗಳನ್ನು ಮಾರಿದ ಸುದ್ದಿಯನ್ನು ನೀನು ಮಳೆ, ಬೋರ್‌ವೆಲ್, ಮಗಳ ಪರೀಕ್ಷೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಫೋನ್ ಇಡುವ ಮುಂಚೆ ಹೇಳಿದೆ. ಅಂದು ನನಗೆ ಮಾತು ಹೊರಡಲಿಲ್ಲ. ಈಗ ಬರೆಯುತ್ತಿದ್ದೇನೆ, ಅದೂ ಎಲ್ಲರೂ ಓದುವ ಕಡೆಯಲ್ಲಿ, ಏಕೆಂದರೆ ಇದು ರಾಗಿ ಉಣ್ಣುವವರೆಲ್ಲರ ವಿಷಯ. ಕುಂಬಳಕಾಯಿಯ ಪ್ರಸಂಗವನ್ನು ಮಾತ್ರ ನಾನು ಇಲ್ಲಿ ಎತ್ತುವುದಿಲ್ಲ; ನೀನೂ ಎತ್ತಬೇಡ.

ಹೊಸ ರಾಗಿ ತಳಿ ರೂಪಿಸುವುದೇ ನನ್ನ ಕೆಲಸವೆಂದು ನಿನಗೆ ಗೊತ್ತು; ದಿನವೆಲ್ಲ ರಾಗಿ ತಾಕಿನಲ್ಲಿ ಕೂತು ಏನು ಮಾಡುತ್ತೀಯ ಎಂದು ಕೇಳುತ್ತಿರುತ್ತೀಯಲ್ಲ, ಅದನ್ನೇ ಮೊದಲು ಹೇಳುತ್ತೇನೆ. ರಾಗಿಯ ಹೂವು ಬರಿಗಣ್ಣಿಗೆ ಹೂವೆಂದೇ ತೋರದಷ್ಟು ಸಣ್ಣದು. ಗಂಡು ಭಾಗ, ಹೆಣ್ಣು ಭಾಗ ಎರಡೂ ಅದರೊಳಗೇ ಇರುತ್ತವೆ. ಅದು ನಸುಕಿನಲ್ಲೇ ಅರಳಿ, ನಾವು ಹೊಲ ತಲುಪುವ ಹೊತ್ತಿಗೆ ತನ್ನ ಪರಾಗಸ್ಪರ್ಶವನ್ನು ತಾನೇ ಮುಗಿಸಿಕೊಂಡಿರುತ್ತದೆ. ಆದ್ದರಿಂದ ಹೂವು ಅರಳುವ ಮುಂಚೆಯೇ, ಒಂದರ ಪರಾಗ ಇನ್ನೊಂದಕ್ಕೆ ತಗುಲಲೆಂದು, ಹಸಿರು ಗಿಡದ ತೆನೆಗೆ ನೇರಳೆ ಬಣ್ಣದ ಗಿಡದ ತೆನೆಯನ್ನು ಒತ್ತಿಟ್ಟು ಕಟ್ಟುತ್ತೇವೆ. ಆಮೇಲೆ ಹಸಿರು ಗಿಡದ ಕಾಳನ್ನು ಮಡಿಯಲ್ಲಿ ಬಿತ್ತಿ, ಮೊಳೆತ ಸಸಿಗಳ ಬುಡವನ್ನು ಒಂದೊಂದಾಗಿ ಬಗ್ಗಿ ನೋಡುತ್ತೇವೆ. ಬುಡದಲ್ಲಿ ನೇರಳೆ ಛಾಯೆ ಕಂಡರೆ ಎರಡು ಗಿಡಗಳೂ ಬೆರೆತು ಸಂಕರವಾಗಿದೆ ಎಂದರ್ಥ. ಮಡಿತುಂಬ ಹಸಿರು ಸಸಿಗಳ ನಡುವೆ ಅಂಥದ್ದೊಂದು ಕಂಡಾಗ ಆಗುವ ಸಂತೋಷ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಥ ಹೂವಿನೊಂದಿಗೇ ಜೀವಮಾನ ಕಳೆದರು. ಅರುಣ, ಉದಯ, ಅನ್ನಪೂರ್ಣದಂಥ ತಳಿಗಳನ್ನು ಕೊಟ್ಟ ಮೇಲೂ ನಿಲ್ಲದೆ, ಆಫ್ರಿಕಾದ ರಾಗಿಯನ್ನು ತಂದು ನಮ್ಮ ರಾಗಿಯೊಡನೆ ಸಂಕರ ಮಾಡಿದರು. ಆ ಕಡೆಯಿಂದ ದಪ್ಪ ಕಾಂಡ, ದೊಡ್ಡ ತೆನೆ ಬಂದವು. ಈ ಕಡೆಯಿಂದ ಬುಡದಲ್ಲಿ ಹೆಚ್ಚು ತೆಂಡೆ (ಕವಲು) ಒಡೆಯುವ, ಬೇಗ ಮಾಗುವ ಗುಣಗಳು ಬಂದವು. ಅವೇ ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳು. ಬೆಂಕಿ ರೋಗವನ್ನು ತಡೆಯುತ್ತದೆಂದು ನೀನು ಬಿತ್ತುವ ಜಿಪಿಯು-28ರ ವಂಶದಲ್ಲೂ ಇಂಡಾಫ್ ಇದೆ. ಇವೆಲ್ಲ ಕಾಳನ್ನೂ ಕೊಟ್ಟವು, ಹುಲ್ಲನ್ನೂ ಕೊಟ್ಟವು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಭತ್ತದ ಕಥೆ ಬೇರೆ. 1966ರಲ್ಲಿ ಬಂದ ಐಆರ್-8 ಗಿಡ್ಡ ತಳಿ. ಗಿಡವನ್ನು ಉದ್ದಕ್ಕೆ ಬೆಳೆಸುವ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಅದರಲ್ಲಿ ಕೆಟ್ಟಿದೆ. ಗೊಬ್ಬರ ಹಾಕಿದರೂ ಪೈರು ಮಲಗದೆ ನಿಂತಿತು, ಗಿಡದ ಶಕ್ತಿ ಕಾಳಿಗೆ ಹೋಯಿತು, ಹುಲ್ಲು ಕಡಿಮೆಯಾಯಿತು. ಲೋಕ ಅದನ್ನು ಗೆಲುವೆಂದೇ ಎಣಿಸಿತು, ಎಣಿಸಬೇಕಾದದ್ದೇ. ಆದರೆ ರಾಗಿಯ ಸೀಮೆಯಲ್ಲಿ ಹುಲ್ಲೆಂದರೆ ಅರ್ಧ ಬೆಳೆ. ಹೊಸ ತಳಿ ತೋರಿಸಿದಾಗಲೆಲ್ಲ ನಿಮ್ಮ ತಂದೆಯವರು ಮೊದಲು ಕೇಳುತ್ತಿದ್ದದ್ದು “ಹುಲ್ಲೆಷ್ಟಾಗುತ್ತೆ?” ಎಂದೇ. ಬಣವೆಯ ಹುಲ್ಲು ಎತ್ತಿಗೆ, ಎತ್ತು ಉಳುಮೆಗೆ, ಕೊಟ್ಟಿಗೆಯ ಗೊಬ್ಬರ ಮತ್ತೆ ರಾಗಿ ಹೊಲಕ್ಕೆ.

ಇನ್ನು ನಿನಗೆ ಹೇಳಲೇಬೇಕಾದದ್ದು. ನೀನು ಎತ್ತು ಮಾರಿದೆ ಎಂದ ಕೂಡಲೇ ನನ್ನ ಮನಸ್ಸಿಗೆ ಮೊದಲು ಬಂದದ್ದು ನಿನ್ನ ಸಂಕಟವಲ್ಲ. ಹಾಗಾದರೆ ಇನ್ನು ಗಿಡ್ಡ ರಾಗಿಗೆ ಅಡ್ಡಿಯಿಲ್ಲ ಎಂಬ ಯೋಚನೆ. ಕೊಯ್ಲಿಗೆ ಆಳು ಸಿಗುತ್ತಿಲ್ಲ, ಯಂತ್ರ ಬಂದಿದೆ. ಯಂತ್ರಕ್ಕೆ ಮಲಗದ, ಒಂದೇ ಎತ್ತರದ, ಒಟ್ಟಿಗೆ ಮಾಗುವ ಪೈರು ಬೇಕು. ಅದರ ದಾರಿಯಲ್ಲಿ, ರಾಗಿಯ ನಡುವೆ ಬಿತ್ತುವ ಅವರೆ, ಜೋಳದ ಅಕ್ಕಡಿ ಸಾಲುಗಳಿಗೂ ಜಾಗವಿಲ್ಲ. ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಸಂಕರ ತಳಿಯಾಗಿ ರೈತರ ಕೈ ಸೇರಲು ಹತ್ತಿರ ಹತ್ತು ವರ್ಷ ಬೇಕು; ಇಂದು ನಾನು ಕಟ್ಟುವ ತೆನೆ ನಿನ್ನ ಮಗಳ ಕಾಲದ ಹೊಲವನ್ನು ತೀರ್ಮಾನಿಸುತ್ತದೆ. ಅವಳು ಎರಡು ಹಸು ಕಟ್ಟಬೇಕೆಂದರೆ ಹುಲ್ಲನ್ನು ಎಲ್ಲಿಂದ ತರುತ್ತಾಳೆ? ಅವಳನ್ನೂ ನಿನ್ನನ್ನೂ ಕೇಳದೆ ನಾನು ಆರಿಸುತ್ತಿದ್ದೇನೆ ಎಂಬ ಭಯ ನನ್ನನ್ನು ಬಿಡುತ್ತಿಲ್ಲ. ಇದನ್ನು ಇಷ್ಟು ಬಿಚ್ಚಿ ಬರೆಯಬೇಕೆಂದು ಕೂತಿರಲಿಲ್ಲ.

ವಿಜ್ಞಾನ ಇಲ್ಲಿ ನನಗೆ ಸ್ವಲ್ಪ ಸಮಯ ಕೊಟ್ಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು, ಅಂದರೆ ಅದರ ಜೀನ್‌ಗಳ ಪೂರ್ಣ ನಕ್ಷೆಯನ್ನು, 2017ರಲ್ಲಿ ಪ್ರಕಟಿಸಿದರು. ಜೀನ್‌ಗಳನ್ನು ಹೊತ್ತ ರಾಗಿಯ 36 ವರ್ಣತಂತುಗಳು ಎರಡು ಬೇರೆ ಬೇರೆ ಮೂಲ ಸಸ್ಯಗಳಿಂದ ಬಂದವು. ಒಂದು ಕಡೆಯ ಜೀನ್ ಕೆಟ್ಟರೂ ಇನ್ನೊಂದು ಕಡೆಯದು ಆ ಕೆಲಸವನ್ನು ನಡೆಸಿಕೊಂಡು ಹೋಗಬಲ್ಲದು. ಹಾಗಾಗಿ ಒಂದೇ ಏಟಿಗೆ ಗಿಡ್ಡ ಮಾಡುವುದು ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ ಎರಡೂ ಬಗೆ ಬೇಕು: ಯಂತ್ರದ ಹೊಲಕ್ಕೆ ಗಿಡ್ಡದು, ಕೊಟ್ಟಿಗೆಯಿರುವ ಮನೆಗೆ ದಪ್ಪ ಕಾಂಡದ ಎತ್ತರದ್ದು. ಈ ಸಲದಿಂದ ನಮ್ಮ ತಾಕಿನಲ್ಲಿ ಕಾಳಿನ ಜೊತೆಗೆ ಒಣಹುಲ್ಲನ್ನೂ ತೂಗಿ ಬರೆದಿಡಬೇಕೆಂದು ಹಟ ಹಿಡಿದಿದ್ದೇನೆ.

ನಿನ್ನಿಂದ ಒಂದು ಉಪಕಾರವಾಗಬೇಕು. ಮುಂಗಾರಿಗೆ ಬಾವಿಯ ಮೇಲಿನ ಪಟ್ಟಿಯಲ್ಲಿ ಕೆಲವು ಸಾಲು ಬಿಟ್ಟುಕೊಡು. ಎರಡೂ ಬಗೆಯ ಬೀಜ ನಾನೇ ತರುತ್ತೇನೆ. ಬೆಳೆದು ನಿಂತಾಗ ಅಕ್ಕಪಕ್ಕದವರನ್ನೂ ಹಸು ಕಟ್ಟಿರುವ ಹೆಂಗಸರನ್ನೂ ಕರೆದು, ಯಾವುದು ಬೇಕೆಂದು ಕೇಳೋಣ. ಅತ್ತಿಗೆಯವರಿಗೆ ಉಪ್ಸಾರಿನ ಬೇಡಿಕೆ ಮುಟ್ಟಿಸು. ಮುದ್ದೆ ತೊಳಸುವ ಸರದಿ ಮಾತ್ರ ನಿನ್ನದೇ, ಹಾಸ್ಟೆಲಿನ ಒಪ್ಪಂದ ಇನ್ನೂ ಜಾರಿಯಲ್ಲಿದೆ.

ಇತಿ,
ನಿನ್ನ ಗೆಳೆಯ