ನಮ್ಮ ಮೇಷ್ಟ್ರಿಗಾಗಿ ಭಾನುವಾರ ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ನಮ್ಮ ಗಾಲ್ಫ್ ಮೈದಾನದ ಮೊದಲ ಟೀ, ಅಂದರೆ ಆಟ ಶುರುವಾಗುವ ಜಾಗದ ಹತ್ತಿರ ಸೇರೋಣ. ಶಾಲೆಯಿಂದ ನಿವೃತ್ತರಾದರೂ ಪಾಠ ಬಿಡದ ನಮ್ಮ ಮೇಷ್ಟ್ರನ್ನು ಗೌರವಿಸುವ ದಿನ.

ಗಾಲ್ಫ್ ದುಡ್ಡಿದ್ದವರ ಆಟ ಅನ್ನುವ ಮಾತನ್ನು ಅವರು ಒಪ್ಪಿದ್ದೇ ಇಲ್ಲ. ಚೆಂಡು ಹೊಡೆಯುವ ಹಳೇ ಕೋಲುಗಳನ್ನು, ಅಂದರೆ ಕ್ಲಬ್‌ಗಳನ್ನು, ಕೇಳಿ ತಂದು, ಉದ್ದ ಕತ್ತರಿಸಿ, ಹೊಸ ಗ್ರಿಪ್ ಹಾಕಿ ಮಕ್ಕಳ ಕೈಗೆ ಕೊಟ್ಟರು. ನಿಯಮದ ಪ್ರಕಾರ 14 ಕ್ಲಬ್ ಒಯ್ಯಬಹುದು. ಅವರು ಮೊದಲ ವರ್ಷ ಕೊಡುವುದು ಚೆಂಡನ್ನು ಹೋಲ್‌ಗೆ ಉರುಳಿಸುವ ಒಂದು ಪಟರ್, ದೂರ ಹೊಡೆಯುವ ಒಂದು 7 ನಂಬರ್ ಐರನ್, ಅಷ್ಟೇ. ಕಲಿಸುವುದೂ ಉಲ್ಟಾ. ಮೊದಲು ಹೋಲ್ ಪಕ್ಕದಲ್ಲಿ ಪಟ್ಟಿಂಗ್, ದೂರದ ಹೊಡೆತ ಆಮೇಲೆ. 108 ಮಿಲಿಮೀಟರ್ ಅಗಲದ ಹೋಲ್‌ಗೆ ಚೆಂಡು ಬೀಳುವ ಸದ್ದು ಕೇಳಿದ ಮಗು ಮತ್ತೆ ಬಂದೇ ಬರುತ್ತೆ ಅಂತಾರೆ. ನನ್ನ ಮಗಳ ವಿಷಯದಲ್ಲಂತೂ ನಿಜವಾಯ್ತು.

ಗ್ರೀನ್, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡು ಬಿದ್ದು ಆದ ಗುಂಡಿಯನ್ನು ಸರಿಮಾಡದೆ ದಾಟಿ ಹೋದರೆ ಸಾಕು, ಜೇಬಿಂದ ಪುಟ್ಟ ಫೋರ್ಕ್ ತೆಗೆದು ಕೈಗಿಡುತ್ತಾರೆ. ಮಾತಿಲ್ಲ. ಸುತ್ತಲಿನ ಹುಲ್ಲನ್ನು ಒಳಕ್ಕೆ ತಳ್ಳಬೇಕು, ಅಡಿಯಿಂದ ಮೀಟಬಾರದು, ಬೇರು ಹರಿಯುತ್ತೆ. ನಾನು ಮೂರು ಸಲ ತಪ್ಪು ಮಾಡಿಯೇ ಕಲಿತೆ!

ಭಾಷಣ ಬೇಡ ಅಂದಿದ್ದಾರೆ, ಹಾಗಾಗಿ ಎರಡೇ ನಿಮಿಷ. ಆಮೇಲೆ 9 ಹೋಲ್ ಆಟ, ನಾಲ್ವರ ತಂಡಗಳು. ಪ್ರತಿ ತಂಡದಲ್ಲೂ ಅವರ ಹಳೇ ಶಿಷ್ಯರೊಬ್ಬರು, ಹೊಸಬರೊಬ್ಬರು ಇರಲಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಚೆಂಡು, ಗ್ಲೌಸ್ ಇದ್ದರೆ ತನ್ನಿ. ಅವರಿಗೆ ಇಷ್ಟವಾಗುವ ಉಡುಗೊರೆ ಅದೇ ಅಲ್ವಾ? ಆದರೆ ಈ ವಿಷಯ ಅವರ ಮುಂದೆ ಬಾಯಿಬಿಡಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.